ಕಾಫಿ ಫ್ಲಾಸ್ಕಿನಲ್ಲಿ ಆಡಿನ ಹೊಟ್ಟೆರಸ

ಸಿಹಿ ಪೊಂಗಲ್ಲನ್ನು ನಾನು ಇವತ್ತಿಗೂ ಮುಟ್ಟುವುದಿಲ್ಲ. ಮದುವೆ ಮನೆಯಲ್ಲಿ ಬಡಿಸುವವರು ಎದುರಿಗೆ ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ. ಸಕ್ಕರೆ ಕಾಯಿಲೆಯಾ ಎಂದು ಪಕ್ಕದವರು ಕೇಳಿದರೆ ಹೌದೆಂದು ಸುಳ್ಳು ಹೇಳುತ್ತೇನೆ. ನಿಜ ಹೇಳಿದರೆ ಪಂಕ್ತಿಯಲ್ಲಿ ಕೂತವರೆಲ್ಲ ಎದ್ದುಹೋಗುತ್ತಾರೆ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ಪಾಂಡವಪುರದ ಕಡೆ ಪಶುವೈದ್ಯೆಯಾಗಿದ್ದೆ. ಹಸು, ಎಮ್ಮೆ, ಆಡು, ಕುರಿಗಳ ಜೊತೆಗೆ ನನ್ನ ಪಾಲಿಗೆ ಒಂದು ಜಿಂಕೆವನವೂ ಬಂದಿತ್ತು. ಮೇಲುಕೋಟೆ ರಸ್ತೆಯಲ್ಲಿ, ತೊಣ್ಣೂರಿಗೆ ತಿರುಗುವುದಕ್ಕೆ ಮುಂಚೆ, ನಾಲೆಯ ಪಕ್ಕದಲ್ಲಿ ಊರಿನ ದೊಡ್ಡವರ ಒಂದು ಸಮಿತಿ ಅಪ್ಪಣೆ ಪಡೆದು ತಂತಿಬೇಲಿ ಹಾಕಿಸಿ ಹದಿನೇಳು ಚುಕ್ಕೆ ಜಿಂಕೆಗಳನ್ನು ಸಾಕಿತ್ತು. ಎಂಟು ದಿನಗಳಲ್ಲಿ ಅವುಗಳಲ್ಲಿ ಮೂರು ಸತ್ತವು. ಮೊದಲೆರಡನ್ನು ನನಗೆ ತಿಳಿಸದೆ ಹೂತಿದ್ದರು. ಮೂರನೆಯದಕ್ಕೆ ಹೇಳಿ ಕಳಿಸಿದರು.

ಬೇಲಿಯ ಹಿಂದಿನ ಹುಣಸೆ ಮರದ ಕೆಳಗೆ ಗೋಣಿತಾಟು ಹಾಸಿ ಜಿಂಕೆಯನ್ನು ಮಲಗಿಸಿದ್ದರು. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಜಿಂಕೆಗಳನ್ನು ನೋಡಿಕೊಳ್ಳುವ ಕಾವಲುಗಾರ ಹಿಂಗಾಲು ಹಿಡಿದುಕೊಂಡ. ನಾನು ಚಾಕು ಇಳಿಸಿದೆ. ಬುಸ್ಸೆಂದು ಗಾಳಿ ಬಂತು. ಹುಳಿತ ಇಡ್ಲಿ ಹಿಟ್ಟು, ಹೆಂಡ ಮತ್ತು ಕೊಳೆತ ಬೆಲ್ಲವನ್ನು ಒಂದೇ ಮಡಕೆಯಲ್ಲಿ ಹಾಕಿ ವಾರ ಬಿಟ್ಟು ಮುಚ್ಚಳ ತೆಗೆದರೆ ಬರುವ ನಾತ ಅದು. ಸೊಪ್ಪು ತಿಂದ ಪ್ರಾಣಿಯ ಹೊಟ್ಟೆಯಲ್ಲಿ ಹಸಿರು ಮೇವಿನ ಮುದ್ದೆ ಇರಬೇಕು. ಇಲ್ಲಿದ್ದದ್ದು ಬೂದು ಬಣ್ಣದ ಗಂಜಿ. ಅದರ ತುಂಬ ಉಬ್ಬಿದ ಅನ್ನದ ಅಗುಳು. ನಡುನಡುವೆ ಗುಂಡಗೆ ಊದಿದ ಒಣದ್ರಾಕ್ಷಿ, ಮುರಿಯದ ಗೋಡಂಬಿ ಹೋಳು, ಒಂದು ಏಲಕ್ಕಿ ಸಿಪ್ಪೆ. ಹೊಟ್ಟೆಯ ಒಳಪದರವನ್ನು ಬೆರಳಿನಿಂದ ಸವರಿದೆ. ಬೆಂದ ಟೊಮೆಟೊ ಸಿಪ್ಪೆಯಂತೆ ಸುಲಿದು ಬಂತು. ನೀಲಿ ಲಿಟ್ಮಸ್ ಕಾಗದ ಅದ್ದಿದ ಕೂಡಲೇ ಕೆಂಪಾಯಿತು.

ಹನ್ನೊಂದು ವರ್ಷದ ಅನುಭವದಲ್ಲಿ ನಾನು ಏನೇನೋ ನಾತ ಕುಡಿದಿದ್ದೆ. ಗೋಡಂಬಿಯನ್ನು ನೋಡಿದಾಗ ಮಾತ್ರ ಚಾಕು ಕೆಳಗಿಟ್ಟೆ.

“ಇದೇನಯ್ಯಾ ಇದು?” ಎಂದೆ.

“ಪೊಂಗಲ್ಲು ಕಣ್ರವ್ವಾ,” ಅಂದ ಕಾವಲುಗಾರ. “ಮೊನ್ನೆ ಸೇವೆ ಇತ್ತು. ನಾಕ್ ಪಾತ್ರೆ ಬಂದಿತ್ತು.”

ಅವನು ಅರಕೆರೆ ಕಡೆಯವನು. ಹೆಂಡತಿಯ ಊರಿಗೆ ಮನೆ ಅಳಿಯನಾಗಿ ಬಂದು, ಜಿಂಕೆವನ ಶುರುವಾದ ದಿನದಿಂದ ಇಲ್ಲೇ ಇದ್ದಾನೆ. ಬೇಲಿಗೆ ಒತ್ತಿಕೊಂಡಿದ್ದ ಶೀಟಿನ ಮನೆಯೂ ಸಮಿತಿಯದ್ದೇ. ಅದರಲ್ಲಿ ಅವನು, ಹೆಂಡತಿ, ಒಂದು ಕರೆಯುವ ಹಸು. ಕೆಲಸ ಹೋದರೆ ಮೂವರೂ ಒಟ್ಟಿಗೆ ಬೀದಿಗೆ.

ಸೇವೆ ಏನೆಂದು ಗೇಟಿನ ಹತ್ತಿರ ಹೋದಾಗ ಗೊತ್ತಾಯಿತು. ಅಲ್ಲೊಂದು ಕರಿಹಲಗೆ. ಮೇಲೆ ‘ಇಂದಿನ ಜಿಂಕೆ ಸೇವೆ’ ಎಂದು ಬಣ್ಣದಲ್ಲಿ ಬರೆದಿತ್ತು. ಕೆಳಗೆ ಸೀಮೆಸುಣ್ಣದಲ್ಲಿ ಸೇವಾಕರ್ತರ ಹೆಸರು. ಮಗುವಿನ ಹುಟ್ಟುಹಬ್ಬಕ್ಕೆ ಒಂದು ಪಾತ್ರೆ, ಎಸ್ಸೆಸ್ಸೆಲ್ಸಿ ಪಾಸಾದವನ ಹೆಸರಲ್ಲಿ ಒಂದು ಪಾತ್ರೆ. ಬೇಸಿಗೆ ರಜೆಯಾದ್ದರಿಂದ ಮೇಲುಕೋಟೆಗೆ ಹೋಗಿ ಬರುವ ವ್ಯಾನುಗಳೂ ಇಲ್ಲಿ ನಿಲ್ಲುತ್ತಿದ್ದವು. ಹೊಟ್ಟೆ ಬಿರಿಯ ತಿಂದವರು ಉಳಿದ ಪುಳಿಯೋಗರೆಯನ್ನು ಎಲೆಯ ಸಮೇತ ಬೇಲಿಯೊಳಗೆ ಎಸೆದು, ಪುಣ್ಯ ಬಂತೆಂದು ಕೈ ಒರೆಸಿಕೊಂಡು ಹೋಗುತ್ತಿದ್ದರು. ಎಂಜಲೆಲೆ ಎಸೆಯುವುದಕ್ಕೂ ಸೇವೆಯೆಂದು ಹೆಸರಿಟ್ಟ ಬುದ್ಧಿಗೆ ನನ್ನ ಮೈಯೆಲ್ಲ ಉರಿಯಿತು.

ಸಮಿತಿಯ ಕಾರ್ಯದರ್ಶಿ ನಿವೃತ್ತ ಮೇಷ್ಟ್ರು. ಬಿಳಿ ಪಂಚೆ, ಬಿಳಿ ಅಂಗಿ, ಜೇಬಿನಲ್ಲಿ ಮಡಿಸಿದ ಕರವಸ್ತ್ರ. ಕರಿಹಲಗೆಯ ಹೆಸರುಗಳನ್ನು ಅವರೇ ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದರು. ಸೇವೆಯ ಯೋಚನೆಯೂ ಅವರದ್ದೇ.

“ನೋಡೀಮ್ಮಾ,” ಅಂದರು. “ಘಮಘಮ ತುಪ್ಪ ಹಾಕಿದ ಪೊಂಗಲ್ಲು. ನಾವೂ ನೀವೂ ತಿನ್ನೋದೇ. ಅದು ವಿಷ ಹೇಗಾಗುತ್ತೆ?”

ಸಮಾಧಾನವಾಗಿ ಹೇಳಿದೆ. ಜಿಂಕೆಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮೊದಲನೆಯದು ದೊಡ್ಡದು. ಅದರಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳಿವೆ. ಎಲೆ, ಹುಲ್ಲು, ನಾರನ್ನು ಅರಗಿಸಿಕೊಡುವವು ಅವೇ. ಜಿಂಕೆ ತಿನ್ನುವುದು ತನಗಲ್ಲ, ಮೊದಲು ಅವಕ್ಕೆ. ಒಮ್ಮೆಲೇ ಅನ್ನ ಬೆಲ್ಲ ಸುರಿದರೆ ಹುಳಿ ಮಾಡುವ ಜಾತಿಯೊಂದು ಮಿತಿಮೀರಿ ಬೆಳೆದು ಉಳಿದವನ್ನೆಲ್ಲ ಕೊಲ್ಲುತ್ತದೆ. ಆಮೇಲೆ ಹುಳಿ ರಕ್ತಕ್ಕೆ ಇಳಿಯುತ್ತದೆ.

ಮೇಷ್ಟ್ರು ತಲೆಯಾಡಿಸಿದರು. ಒಲ್ಲದ ಮನಸ್ಸಿನಿಂದಲೇ ಆದರೂ ಸೇವೆಯನ್ನು ನಿಲ್ಲಿಸಿದರು. ವ್ಯಾನುಗಳು ಬೇಲಿಯ ಹತ್ತಿರ ಬಾರದಂತೆ ಮುಳ್ಳು ಹಾಕಿಸಿದರು. ಆ ಮಾತು ಹೇಳಲೇಬೇಕು, ಅವರು ನುಡಿದಂತೆ ನಡೆದರು.

ಉಳಿದ ಹದಿನಾಲ್ಕಕ್ಕೆ ಔಷಧಿ ಕೊಡಬೇಕಿತ್ತು. ಜಿಂಕೆ ಎಮ್ಮೆಯಲ್ಲ, ಮೂಗುದಾರ ಹಿಡಿದು ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಹುಯ್ಯಲು ಆಗುವುದಿಲ್ಲ. ಅಟ್ಟಿಸಿಕೊಂಡು ಹೋದರೆ ಬೇಲಿಗೆ ಬಡಿದುಕೊಂಡು ಕತ್ತು ಮುರಿದುಕೊಳ್ಳುತ್ತದೆ. ಹಿಡಿದರೆ ಹಿಡಿದ ಭಯಕ್ಕೇ ಸಾಯುವುದೂ ಉಂಟು. ಎಲ್ಲವನ್ನೂ ಮೇವಿನಲ್ಲೋ ನೀರಿನಲ್ಲೋ ಕೊಡಬೇಕು. ಹುಳಿ ಮುರಿಯಲು ನೀರಿನ ತೊಟ್ಟಿಗೆ ಅಡುಗೆ ಸೋಡ ಹಾಕಿಸಿದೆ. ಭೇದಿಗೆಂದು ಸಲ್ಫಾ ಪುಡಿಯನ್ನೂ ಅದೇ ತೊಟ್ಟಿಗೆ ಹಾಕಿಸಿದೆ. ಮೈಸೂರಿನಿಂದ ಒಂದು ಡಬ್ಬ ಜೀವಾಣು ಪುಡಿ ತರಿಸಿದೆ. ಹೊಟ್ಟೆಯಲ್ಲಿ ಸತ್ತುಹೋದವುಗಳ ಜಾಗಕ್ಕೆ ಒಳ್ಳೆಯ ಜೀವಾಣುಗಳನ್ನು ಹೊರಗಿನಿಂದ ಕಳಿಸುವ ಔಷಧಿ. ಪ್ರೋಬಯಾಟಿಕ್ ಎಂಬ ಪದ ಆಗ ನಮ್ಮ ಕಡೆಗೆ ಹೊಸದು. ಡಬ್ಬ ತೆರೆದಾಗ ನನಗೇ ಹೆಮ್ಮೆ ಅನ್ನಿಸಿತ್ತು.

“ಬೂಸಾದಲ್ಲಿ ದಿನಕ್ಕೆ ಎರಡು ಸಲ ಕಲಸಿ ಕೊಡು. ಒಂದು ಹೊತ್ತೂ ತಪ್ಪಿಸಬೇಡ,” ಎಂದು ಕಾವಲುಗಾರನಿಗೆ ಹೇಳಿದೆ. ಅವನಿಗೆ ಓದು ಬಾರದು. ಅವನು ಎರಡು ಬೆರಳು ಎತ್ತಿ ತೋರಿಸಿ ತಲೆಯಾಡಿಸಿದ.

ಆಮೇಲಿನ ಎರಡು ವಾರ ನಾನು ಮಾಡಿದ್ದು ಹಿಕ್ಕೆ ನೋಡುವ ಕೆಲಸ. ಆಸ್ಪತ್ರೆಗೆ ಹೋಗುವ ಮುಂಚೆ ಮೊಪೆಡ್ಡು ನಿಲ್ಲಿಸಿ ಬೇಲಿಯೊಳಗೆ ಕುಕ್ಕರುಗಾಲಲ್ಲಿ ಕೂತು ಕಡ್ಡಿಯಿಂದ ಕೆದಕುವುದು. ಒಳ್ಳೆಯ ಜಿಂಕೆ ಹಿಕ್ಕೆ ಒಣಗಿದ ಕಡಲೆಕಾಳಿನಂತೆ ಬಿಡಿಬಿಡಿಯಾಗಿ ಉರುಳುತ್ತದೆ. ಇದು ಗೊಜ್ಜಿನಂತೆ ಹರಡಿಕೊಂಡಿತ್ತು. ಕಡ್ಡಿಗೆ ಅಂಟಿ ನೂಲೆಳೆಯುತ್ತಿತ್ತು. ಮೂಗಿನ ಹತ್ತಿರ ತಂದು ನೋಡಬೇಕು, ಹುಳಿಯೋ ಕೊಳೆತದ್ದೋ ಎಂದು. ನೊಣಗಳು ಹಿಕ್ಕೆಯಿಂದ ಎದ್ದು ನನ್ನ ತುಟಿಯ ಮೇಲೆ ಕೂರುತ್ತಿದ್ದವು. ಮನೆಗೆ ಹೋಗಿ ಎರಡು ಸಲ ಸೋಪು ಹಾಕಿದರೂ ಮುದ್ದೆ ಮುರಿಯುವಾಗ ಬೆರಳುಗಳು ಅದೇ ನಾತ ಹೊಡೆಯುತ್ತಿದ್ದವು. ಆ ದಿನಗಳಲ್ಲಿ ಚಮಚದಲ್ಲಿ ಉಂಡೆ.

ಹಿಕ್ಕೆ ಗಟ್ಟಿಯಾಗಲಿಲ್ಲ. ಇನ್ನೆರಡು ಸತ್ತವು. ಪೊಂಗಲ್ಲು ನಿಂತು ವಾರವಾಗಿದ್ದರೂ ಸತ್ತವು. ಉಳಿದದ್ದು ಹನ್ನೆರಡು. ಅವುಗಳಲ್ಲಿ ನಾಲ್ಕು ಎದ್ದು ನಿಲ್ಲಲು ಒದ್ದಾಡುತ್ತಿದ್ದವು. ಸೀಳಿದ ಕಿವಿಯ, ಗಬ್ಬದ ಹೆಣ್ಣು ಜಿಂಕೆ ಎಲ್ಲಕ್ಕಿಂತ ಕಡೆಯಾಗಿತ್ತು. ಮೆಲುಕು ಹಾಕುವುದನ್ನೇ ಬಿಟ್ಟಿತ್ತು.

ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. “ಪೊಂಗಲ್ಲು ನಿಲ್ಸಿದ್ದಾಯ್ತಲ್ಲ, ಈಗ ಯಾಕೆ ಸಾಯ್ತಿವೆ? ನನಗೆ ಇವನ ಮೇಲೇ ಅನುಮಾನ. ಏನೋ ಹಾಕ್ತಿದ್ದಾನೆ. ಇನ್ನೊಂದು ಸತ್ರೆ ಇವನನ್ನ ಕಳಿಸಿ ಬೇರೆಯವನನ್ನ ಇಡ್ತೀನಿ.”

ನಾನು ಅವನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ನನಗೂ ಅನುಮಾನ ಬಂದಿತ್ತು. ಔಷಧಿ ಸರಿಯಾಗಿದೆ, ಲೆಕ್ಕ ಸರಿಯಾಗಿದೆ, ಹಾಗಾದರೆ ಹಾಕುವ ಕೈಯೇ ತಪ್ಪಿರಬೇಕು ಎಂದುಕೊಂಡೆ. ಮಾರನೆಯ ದಿನ ಹೇಳದೆ ಕೇಳದೆ ಮುಂಜಾನೆಯೇ ಹೋದೆ.

ಶೀಟಿನ ಮನೆಯ ಹಿಂದೆ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಮೇಲೊಂದು ದೊಡ್ಡ ಹಂಡೆ. ಕಾವಲುಗಾರ ಕೊತಕೊತ ಕುದಿಯುವ ನೀರನ್ನು ಬೂಸಾದ ಮೇಲೆ ಸುರಿದು, ನನ್ನ ಡಬ್ಬದಿಂದ ಪುಡಿಯನ್ನು ಅಳೆದು ಹಾಕಿ, ಕೋಲಿನಿಂದ ತಿರುವುತ್ತಿದ್ದ. ಹಬೆ ಅವನ ಮುಖ ಮುಚ್ಚಿತ್ತು. ಎರಡೆರಡು ಸಲ, ಒಂದು ಹೊತ್ತೂ ತಪ್ಪಿಸದೆ.

ನಮ್ಮ ಸೀಮೆಯಲ್ಲಿ ಹಾಲು ಕೊಡುವ ಹಸುವಿಗೆ ತಣ್ಣನೆ ಬೂಸಾ ಯಾರೂ ಇಡುವುದಿಲ್ಲ. ಬಿಸಿನೀರಲ್ಲಿ ಕಲಸಿ ಇಟ್ಟರೇನೇ ಹಾಲು ಇಳಿಯುತ್ತದೆ ಎಂಬ ನಂಬಿಕೆ. ನಮ್ಮಮ್ಮನೂ ಹಾಗೇ ಮಾಡುತ್ತಿದ್ದಳು. ಇದು ನನಗೆ ಗೊತ್ತಿರದ ವಿಷಯವೇನಲ್ಲ. ಗೊತ್ತಿದ್ದೂ ಹೊಳೆದಿರಲಿಲ್ಲ.

“ಬೇಯಿಸಿಬಿಟ್ಟಿದ್ದೀಯಲ್ಲೋ!” ಎಂದು ಕಿರುಚಿದೆ. “ಅದರಲ್ಲಿ ಜೀವ ಇದೆ ಕಣಯ್ಯಾ! ಜೀವ ಇರೋದನ್ನ ಕುದಿಯೋ ನೀರಿಗೆ ಹಾಕಿದರೆ ಉಳಿಯುತ್ತಾ? ಎರಡು ವಾರದಿಂದ ಹೆಣ ತಿನ್ನಿಸಿದ್ದೀಯ!”

ಅವನ ಕೈಯಿಂದ ಕೋಲು ಜಾರಿತು. “ಅಂಗಲ್ಲ ಕಣ್ರವ್ವಾ... ತಣ್ಗೆ ಕೊಟ್ರೆ ಶೀತ ಆಗ್ಬುಡ್ತದೆ ಅಂತವ. ನಮ್ಮಸೀಗೂ ಇಂಗೇ ಮಾಡೋದು. ಜೀವ ಅದೆ ಅಂತ ನಂಗೇನ್ ಗೊತ್ತು? ಔಸ್ತಿ ಅಂತ ಅಲ್ವುರಾ ನೀವ್ ಯೋಳಿದ್ದು?”

ತಿರುಗಿ ನೋಡಿದರೆ ಬೆಳಗಿನ ವಾಕಿಂಗಿಗೆ ಬಂದ ಮೇಷ್ಟ್ರು ಗೇಟಿನಲ್ಲಿ ನಿಂತಿದ್ದರು. ನಾನು ಕಿರುಚಿದ್ದು ಅವರಿಗೆ ಪೂರ್ತಿ ಕೇಳಿಸಿತ್ತು. ಅವರ ಮುಖದಲ್ಲಿ ಒಂದು ನೆಮ್ಮದಿ ಕಂಡಿತು. ಆಗ ಅದು ನನಗೆ ಅರ್ಥವಾಗಲಿಲ್ಲ.

ಅವರು ಹೊರಟುಹೋದರು. ಸಿಟ್ಟು ಇಳಿಸಿಕೊಳ್ಳಲು ಮುಖ ತೊಳೆಯೋಣವೆಂದು ನೀರಿನ ತೊಟ್ಟಿಯ ಹತ್ತಿರ ಹೋದೆ. ತೊಟ್ಟಿಯ ತಳದಲ್ಲಿ ಪುಡಿ ಮಡ್ಡಿಗಟ್ಟಿತ್ತು. ಸಲ್ಫಾ. ಜೀವಾಣುಗಳನ್ನು ಕೊಲ್ಲುವ ಔಷಧಿ. ನಾನೇ ಹಾಕಿಸಿದ್ದು. ಬೂಸಾ ತಿಂದ ಜಿಂಕೆಗಳು ನೇರ ಬಂದು ಇದನ್ನೇ ಕುಡಿಯುತ್ತಿದ್ದವು. ಅಂದರೆ ಕಾವಲುಗಾರ ತಣ್ಣೀರಲ್ಲಿ ಕಲಸಿದ್ದರೂ ನನ್ನ ಪುಡಿ ಬದುಕುತ್ತಿರಲಿಲ್ಲ. ಹೊಟ್ಟೆಯಲ್ಲಿ ಅಳಿದುಳಿದ ಒಳ್ಳೆಯ ಜೀವಿಗಳನ್ನೂ ನಾನೇ ಎರಡು ವಾರ ಕೂತು ಕೊಂದಿದ್ದೆ. ಅವನಾದರೋ ಪ್ರೀತಿಯಿಂದ, ಗೊತ್ತಿಲ್ಲದೆ ಮಾಡಿದ. ನಾನು ಐದು ವರ್ಷ ಓದಿ ಮಾಡಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಆ ಹೊತ್ತಿನಲ್ಲಿ ಅವನಿಗೆ ಅದನ್ನು ಹೇಳಲಿಲ್ಲ. ತೊಟ್ಟಿ ಖಾಲಿ ಮಾಡಿಸಿ, ಉಜ್ಜಿ ತೊಳೆಸಿ, ಬರೀ ನೀರು ತುಂಬಿಸಿದೆ.

ಹೋಗುವಾಗ ಅವನು ಹಿಂದೆ ಬಂದ. “ಅವ್ವಾ, ನಮ್ ಕಡೆ ಕರ ಮೆಲ್ಕಾಕಾದ್ ಬುಟ್ರೆ ಇನ್ನೊಂದ್ ಅಸೀನ ಬಾಯಿಗೆ ಕೈ ಆಕಿ ಮೆಲ್ಕು ಕಿತ್ಕಂಡು ಅದ್ರ್ ಬಾಯ್ಗೆ ತುರುಕ್ತೀವಿ. ನಮ್ಮಸ ಐತೆ, ಕಿತ್ಕೊಡ್ಲಾ?”

ಮೊದಲಾಗಿದ್ದರೆ ನಕ್ಕುಬಿಡುತ್ತಿದ್ದೆ. ಆವತ್ತು ನಗು ಬರಲಿಲ್ಲ. ಕಾಲೇಜಿನಲ್ಲಿ ಕಲಿಸಿದ್ದೂ ಇದನ್ನೇ ಅಲ್ಲವೇ. ಆರೋಗ್ಯವಂತ ಪ್ರಾಣಿಯ ಹೊಟ್ಟೆರಸವನ್ನು ತೆಗೆದು ಕೆಟ್ಟ ಹೊಟ್ಟೆಗೆ ಹಾಕುವುದು. ಡಬ್ಬದ ಹೆಮ್ಮೆಯಲ್ಲಿ ಅದನ್ನು ಮರೆತಿದ್ದೆ. ಒಂದು ಹಿಡಿ ಮೆಲುಕು ಸಾಲದು, ಸೇರುಗಟ್ಟಲೆ ರಸ ಬೇಕು. ಹುಲ್ಲು ಬೂಸಾ ತಿನ್ನುವ ಹಸುವಿಗಿಂತ ಜಿಂಕೆಯ ಹಾಗೆ ಎಲೆ ತರಿದು ತಿನ್ನುವ ಪ್ರಾಣಿಯದಾದರೆ ಒಳ್ಳೆಯದು. ಅಂದರೆ ಆಡು.

ನಾಗಮಂಗಲದ ಹತ್ತಿರದ ನಮ್ಮೂರಲ್ಲಿ ಬಾಡೂಟವೆಂದರೆ ಮಾರನೆಯ ದಿನ ಬೋಟಿ ಸಾರು. ಬೋಟಿ ತೊಳೆಯುವುದು ಹೆಂಗಸರ ಕೆಲಸ. ಅಮ್ಮ ಹೊಟ್ಟೆಚೀಲವನ್ನು ಬಗ್ಗಿಸಿ ಒಳಗಿನ ಹಸಿರು ಗಸಿಯನ್ನೆಲ್ಲ ತಿಪ್ಪೆಗೆ ಸುರಿದು, ಬಿಸಿನೀರು ಸುಣ್ಣ ಹಾಕಿ ಉಜ್ಜುತ್ತಿದ್ದಳು. ನಾನು ಮೂಗು ಮುಚ್ಚಿಕೊಂಡು ಓಡುತ್ತಿದ್ದೆ. “ತಿನ್ನಕ್ಕೆ ಬೇಕು, ತೊಳೆಯಕ್ಕೆ ಬ್ಯಾಡ್ವಾ ನಿಂಗೆ?” ಎಂದು ಬೈಯುತ್ತಿದ್ದಳು. ಅವಳು ತಿಪ್ಪೆಗೆ ಸುರಿಯುತ್ತಿದ್ದ ಗಸಿಯೇ ಈಗ ನನಗೆ ಬೇಕಾಗಿತ್ತು.

ಶ್ರೀರಂಗಪಟ್ಟಣದಲ್ಲಿ ಪರಿಚಯದ ಮಾಂಸದಂಗಡಿ ಒಂದಿತ್ತು. ಅಂಗಡಿಯವರು ನನ್ನನ್ನು ನೋಡಿ ಎದ್ದು ನಿಂತರು. ಕಡಿಯುವ ಮುಂಚೆ ಆಡನ್ನು ನೋಡಬೇಕು ಎಂದೆ. ಮೊದಲು ತೋರಿಸಿದ್ದು ಕಬ್ಬಿನ ಸೋಗೆ ತಿಂದು ಕೊಬ್ಬಿದ್ದು. ಬೇಡವೆಂದೆ. ಎರಡನೆಯದರ ಜ್ವರ ನೋಡಿದೆ, ಕಣ್ಣು ಮೂಗು ನೋಡಿದೆ, ಹಿಕ್ಕೆ ಹಿಚುಕಿ ನೋಡಿದೆ. ಕಡಲೆಕಾಳಿನಂತೆ ಗಟ್ಟಿಯಾಗಿತ್ತು.

“ಕೆ.ಆರ್.ಪೇಟೆ ಸಂತೆ ಮಾಲು ಅಮ್ಮಾ. ಬರೀ ಸೊಪ್ಪು ಮೇದಿರೋದು,” ಅಂದರು.

“ಇದು ಆಗುತ್ತೆ. ಮಾಂಸ ಬೇಡ ಸಾಬರೇ, ಹೊಟ್ಟೆಯೊಳಗಿನದು ಬೇಕು.”

“ಕಾಯ್ಕು ಅಮ್ಮಾ? ಬೋಟಿ ಕೊಡ್ತೀನಿ, ಸಾಫ್ ಮಾಡಿ ಕೊಡ್ತೀನಿ. ಆ ಗಲೀಜ್ ಯಾಕೆ?”

“ಗಲೀಜೇ ಬೇಕು,” ಎಂದೆ. ಅಂಗಡಿ ಮುಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರು.

ಚೀಲ ಇನ್ನೂ ಬಿಸಿಯಾಗಿತ್ತು. ಹಳೆಯ ಪಂಚೆ ಬಟ್ಟೆಗೆ ಗಸಿ ಸುರಿದು ಎರಡೂ ಕೈಯಲ್ಲಿ ಹಿಂಡಿದೆ. ಹಸಿರು ರಸ ಮೊಣಕೈವರೆಗೆ ಇಳಿದು ರವಿಕೆಯ ತೋಳಿಗೆ ಹತ್ತಿತು. ಅದು ತಣ್ಣಗಾಗಬಾರದು, ಗಾಳಿ ತಾಕಬಾರದು. ಮನೆಯಿಂದ ತಂದಿದ್ದದ್ದು ಎರಡು ದೊಡ್ಡ ಫ್ಲಾಸ್ಕು, ನನ್ನ ಕಾಫಿಯದ್ದು. ಉಗುರುಬೆಚ್ಚನೆ ನೀರಿನಿಂದ ಗಲಬರಿಸಿ ಕಂಠದವರೆಗೆ ರಸ ತುಂಬಿ ಬಿರಡೆ ಒತ್ತಿದೆ. ಸಾಬರು ಕೈತೊಳೆಯಲು ಚೊಂಬು ಹಿಡಿದು ನೀರು ಹಾಕಿದರು. ನಾತ ಹೋಗಲಿಲ್ಲ. ಬಿಸಿಲಲ್ಲಿ ಮೊಪೆಡ್ಡಿನ ಬುಟ್ಟಿಯಲ್ಲಿ ಫ್ಲಾಸ್ಕು ಇಟ್ಟುಕೊಂಡು, ಕಬ್ಬಿನ ಗಾಡಿಗಳ ಹಿಂದೆ ಧೂಳು ಕುಡಿಯುತ್ತ ಪಾಂಡವಪುರ ದಾಟಿದೆ.

ಗೇಟಿನಲ್ಲಿ ಮೇಷ್ಟ್ರು ನಿಂತಿದ್ದರು. ಸುದ್ದಿ ನನಗಿಂತ ಮೊದಲೇ ಬಂದಿತ್ತು. ಕರವಸ್ತ್ರ ಮೂಗಿನ ಮೇಲಿತ್ತು.

“ಡಾಕ್ಟ್ರೇ, ಇದು ಆಗಲ್ಲ. ಕಟುಕರ ಅಂಗಡಿ ಹೊಲಸನ್ನ ಜಿಂಕೆ ಬಾಯಿಗೆ ಹಾಕ್ತೀರಾ? ಪೊಂಗಲ್ಲು ತಿಂದ ಬಾಯಿ ಅದು. ಜನ ಏನಂತಾರೆ?”

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಕಿಟ್ಟಿನಿಂದ ಚಾಕು ತೆಗೆದು, ಹಿಡಿಯನ್ನು ಅವರ ಕಡೆ ಮಾಡಿ ಚಾಚಿದೆ. “ಹಾಗಾದರೆ ನಾಳೆ ಸೀಳುಗಿವಿಯ ಹೊಟ್ಟೆಯನ್ನ ನೀವೇ ಸೀಳಿ ಮೇಷ್ಟ್ರೇ. ನಿಮ್ಮ ಗೋಡಂಬಿ ದ್ರಾಕ್ಷಿ ಅಲ್ಲಿ ಹೇಗೆ ಕಾಣುತ್ತೆ ಅಂತ ಒಂದು ಸಲ ನೋಡಿ. ಆಮೇಲೆ ಹೊಲಸು ಯಾವುದು ಅಂತ ಮಾತಾಡೋಣ.”

ಅವರು ಚಾಕು ಮುಟ್ಟಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದರು. ನಾನು ಒಳಗೆ ಹೋದೆ.

ಮೊದಲು ಕಾವಲುಗಾರನನ್ನು ಕರೆದು, ಆಸ್ಪತ್ರೆಯಿಂದ ತಂದಿದ್ದ ಸೂಕ್ಷ್ಮದರ್ಶಕವನ್ನು ಅವನ ಮನೆ ಜಗಲಿಯ ಬಿಸಿಲಲ್ಲಿ ಇಟ್ಟೆ. ಬಾಟಲಿಯಲ್ಲಿ ತೆಗೆದಿಟ್ಟಿದ್ದ ಸತ್ತ ಜಿಂಕೆಯ ಹೊಟ್ಟೆರಸದ ಹನಿಯನ್ನು ಸುಮ್ಮನೆ ತೋರಿಸಲೆಂದು ಹಾಕಿದೆ. ಅವನು ಒಂದು ಕಣ್ಣು ಮುಚ್ಚಿ ನೋಡಿ, ಏನೂ ಇಲ್ಲ ಅಂದ. ಆಮೇಲೆ ಫ್ಲಾಸ್ಕಿನಿಂದ ಒಂದು ಹನಿ. ಅವನು ಬೆಚ್ಚಿ ತಲೆ ಹಿಂದಕ್ಕೆಳೆದ. ಮತ್ತೆ ಬಗ್ಗಿದ.

“ಓಡಾಡ್ತಾವಲ್ರವ್ವಾ! ಸಂತೇಲಿ ಜನ ಓಡಾಡ್ದಂಗೆ ಓಡಾಡ್ತಾವೆ!”

“ಅವೇ ಕಣಯ್ಯಾ ಜೀವ ಅಂದರೆ,” ಎಂದೆ.

ಅವನು ಬಹಳ ಹೊತ್ತು ನೋಡಿದ. ಎದ್ದವನೇ ಒಲೆಗೆ ನೀರು ಸುರಿದು ಆರಿಸಿದ.

ಸೀಳುಗಿವಿಗೆ ಓಡುವ ತ್ರಾಣ ಇರಲಿಲ್ಲ. ಅದೇ ನಮಗೆ ಅನುಕೂಲವಾಯಿತು. ಕಾವಲುಗಾರ ಹಿಂದಿನಿಂದ ಹೋಗಿ ಟವೆಲ್ಲನ್ನು ಅದರ ಕಣ್ಣಿಗೆ ಕಟ್ಟಿದ. ಕಣ್ಣು ಮುಚ್ಚಿದ ಜಿಂಕೆ ಅರ್ಧ ಸುಮ್ಮನಾಗುತ್ತದೆ. ನಡುವೆ ತೂತು ಕೊರೆದ ಬಿದಿರಿನ ತುಂಡನ್ನು ಹಲ್ಲುಗಳ ನಡುವೆ ಇಟ್ಟು, ಎಣ್ಣೆ ಸವರಿದ ರಬ್ಬರ್ ಕೊಳವೆಯನ್ನು ಅದರಲ್ಲಿ ತೂರಿಸಿದೆ. ಕೊಳವೆ ಶ್ವಾಸನಾಳಕ್ಕೆ ಹೋದರೆ ಔಷಧಿಯೇ ಕೊಲ್ಲುತ್ತದೆ. ಹೊಟ್ಟೆಗೇ ಇಳಿದಿದೆಯೆಂದು ತಿಳಿಯಲು ಸುಲಭದ ದಾರಿ ಒಂದೇ, ಹೊರಗಿನ ತುದಿಯನ್ನು ಮೂಗಿಗೆ ಹಿಡಿಯುವುದು. ಹಿಡಿದೆ. ಹುಣಸೆ ಮರದ ಕೆಳಗೆ ಬಂದಿದ್ದ ಅದೇ ಹುಳಿನಾತ ನೇರ ಮೆದುಳಿಗೆ ಹೊಡೆಯಿತು. ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡೆ. ಬಾಯಿ ಒರೆಸಿಕೊಂಡು ಆಲಿಕೆ ಇಟ್ಟು ರಸ ಹುಯ್ದೆ. ನಿಧಾನಕ್ಕೆ, ಮುಕ್ಕಾಲು ಲೀಟರು.

ಉಳಿದ ಮೂರು ಬಿದ್ದ ಜಿಂಕೆಗಳಿಗೂ ಹಾಗೇ ಮಾಡಿದೆವು. ನಡೆದಾಡುತ್ತಿದ್ದ ಎಂಟಕ್ಕೆ ಕಾವಲುಗಾರನೇ ಉಪಾಯ ಹುಡುಕಿದ. ಅತ್ತಿ ಸೊಪ್ಪಿಗೆ ಉಪ್ಪುನೀರು ಚಿಮುಕಿಸಿ, ಮೇಲೆ ರಸ ಚಿಮುಕಿಸಿ ಕಟ್ಟುಕಟ್ಟಾಗಿ ತೂಗುಹಾಕಿದ. ಮೊದಲು ಮೂಸಿ ಹಿಂದೆ ಸರಿದವು. ಉಪ್ಪಿನ ಆಸೆಗೆ ಒಂದೊಂದೇ ಬಂದು ನೆಕ್ಕಿದವು. ಬೂಸಾ ಪೂರ್ತಿ ನಿಲ್ಲಿಸಿ ಸೊಪ್ಪು, ಒಣಹುಲ್ಲು ಮಾತ್ರ ಕೊಟ್ಟೆವು.

ಮೂರು ದಿನ ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆ. ಮೂರೂ ದಿನ ಹಿಂಡಿದೆ, ಮೂಸಿದೆ, ಹುಯ್ದೆ. ನಾಲ್ಕನೆಯ ದಿನ ಹೋದಾಗ ಕಾವಲುಗಾರ ಗೇಟಿನಲ್ಲೇ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದ. ಹೊಂಗೆ ನೆರಳಲ್ಲಿ ಸೀಳುಗಿವಿ ಮಲಗಿತ್ತು. ಕತ್ತಿನಲ್ಲಿ ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಹತ್ತಿತು. ದವಡೆ ಪಕ್ಕಕ್ಕೆ ಆಡಿತು. ನಾವಿಬ್ಬರೂ ಉಸಿರು ಬಿಗಿಹಿಡಿದು ಎಣಿಸಿದೆವು. ನಲವತ್ತೊಂದು ಸಲ ಅಗಿದು ನುಂಗಿತು, ಮತ್ತೊಂದು ಉಂಡೆ ಹತ್ತಿತು. ಕಾವಲುಗಾರ ಮುಖ ಆಚೆ ತಿರುಗಿಸಿಕೊಂಡು ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಒಂದೂ ಸಾಯಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಮೇಷ್ಟ್ರು ಆಸ್ಪತ್ರೆಗೆ ಬಂದರು. ಕೈಯಲ್ಲಿ ಟೈಪ್ ಮಾಡಿಸಿದ ಒಂದು ಹಾಳೆ. ಐದು ಜಿಂಕೆ ಸತ್ತದ್ದಕ್ಕೆ ಸಮಿತಿ ಮೇಲಿನವರಿಗೆ ವರದಿ ಕೊಡಬೇಕಿತ್ತು, ಅದಕ್ಕೆ ನನ್ನ ರುಜು ಬೇಕಿತ್ತು. ಓದಿದೆ. ‘ಪಾಲಕನು ವೈದ್ಯರ ಸೂಚನೆ ಮೀರಿ ಔಷಧಿಯನ್ನು ಕುದಿಸಿ ನಾಶಪಡಿಸಿದ ಕಾರಣ ಜಿಂಕೆಗಳು ಮರಣ ಹೊಂದಿದವು’ ಎಂದಿತ್ತು. ಪೊಂಗಲ್ಲಿನ ಮಾತೇ ಇರಲಿಲ್ಲ.

“ಮೂರು ಜಿಂಕೆ ಸತ್ತ ಮೇಲಲ್ಲವೇ ಪುಡಿ ಬಂದದ್ದು?” ಎಂದೆ.

“ಅದೆಲ್ಲ ಯಾರು ಕೇಳ್ತಾರಮ್ಮ? ಹೆಣ ತಿನ್ನಿಸಿದ್ದೀಯ ಅಂತ ನೀವೇ ಅಂದ್ರಲ್ಲ, ನನ್ನ ಕಿವೀಲೇ ಕೇಳಿದ್ದೀನಿ. ಇವನನ್ನ ಕಳಿಸಿದ್ರೆ ಮುಗೀತು. ಶ್ರಾವಣಕ್ಕೆ ಸೇವೆ ಮತ್ತೆ ಶುರು ಮಾಡಬೇಕು, ಎಷ್ಟೊಂದು ಜನ ಹೆಸರು ಬರೆಸಿದ್ದಾರೆ.”

ಆವತ್ತು ಗೇಟಿನಲ್ಲಿ ಅವರ ಮುಖದಲ್ಲಿ ಕಂಡಿದ್ದ ನೆಮ್ಮದಿ ಆಗ ಅರ್ಥವಾಯಿತು. ಸಿಟ್ಟಿನಲ್ಲಿ ನಾನು ಕಿರುಚಿದ ಮಾತನ್ನು ಅವರು ಕರವಸ್ತ್ರದ ಹಾಗೆ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಜಿಂಕೆಯ ಹೊಟ್ಟೆಯ ಮುಂದೆ ಆಗದಷ್ಟು ಅಸಹ್ಯ ಆ ಬಿಳಿ ಹಾಳೆಯ ಮುಂದೆ ಆಯಿತು. ರುಜು ಹಾಕಿದರೆ ನಾನು ಬಚಾವು. ತೊಟ್ಟಿಯ ಸಲ್ಫಾ ಮಾಡಿದ ಕೆಲಸ ನನ್ನೊಬ್ಬಳಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ.

“ವರದಿ ನಾನೇ ಬರೀತೀನಿ, ನಾಳೆ ಬನ್ನಿ,” ಎಂದೆ.

ಎರಡು ಪುಟ, ಕಾರ್ಬನ್ ಇಟ್ಟು ಕೈಬರಹದಲ್ಲಿ ಬರೆದೆ. ಮೊದಲ ಪುಟದಲ್ಲಿ ಪೊಂಗಲ್ಲು, ಪುಳಿಯೋಗರೆ, ಲಿಟ್ಮಸ್, ಸುಲಿದು ಬಂದ ಪದರ, ಮುಂದೆಂದೂ ಅನ್ನ ಬೆಲ್ಲ ಕೊಡಬಾರದೆಂಬ ಸೂಚನೆ. ಎರಡನೆಯ ಪುಟದಲ್ಲಿ ನನ್ನದು. ಜೀವಾಣು ಪುಡಿಯ ಜೊತೆಗೇ ಅದನ್ನು ಕೊಲ್ಲುವ ಔಷಧಿ ಕೊಟ್ಟದ್ದು ನನ್ನ ತಪ್ಪು. ಪುಡಿಯಲ್ಲಿ ಜೀವವಿದೆ, ಬಿಸಿ ಮಾಡಬಾರದು ಎಂದು ಪಾಲಕನಿಗೆ ತಿಳಿಸದಿದ್ದದ್ದು ನನ್ನ ತಪ್ಪು. ಕೊನೆಯ ಎರಡು ಸಾವಿಗೆ ಅವನು ಹೊಣೆಯಲ್ಲ.

ಮೇಷ್ಟ್ರಿಗೆ ಮೂಲ ಪ್ರತಿ ಕೊಟ್ಟೆ. ಅವರು ಓದಿ, ಮಡಿಸಿ ಜೇಬಿಗಿಟ್ಟುಕೊಂಡು ಎದ್ದು ಹೋದರು. ಒಂದು ಕಾರ್ಬನ್ ಪ್ರತಿಯನ್ನು ನಮ್ಮ ಇಲಾಖೆಗೆ ಕಳಿಸಿ, ಇನ್ನೊಂದನ್ನು ಕಾವಲುಗಾರನಿಗೆ ಕೊಡಲೆಂದು ತೆಗೆದುಕೊಂಡು ಹೋಗಿ, ಹೊಂಗೆಯ ಕೆಳಗೆ ಕೂತು ಓದಿ ಹೇಳಿದೆ. ಎರಡನೆಯ ಪುಟ ಮುಗಿದಾಗ ಅವನು ನೆಲ ನೋಡುತ್ತ ಕೂತಿದ್ದ.

“ಕೆಲಸದ್ದು ಬುಡಿ ಅವ್ವಾ,” ಅಂದ. “ಆ ಡಬ್ಬದ್ ಪುಡೀಲೂ ಅಂಗೇ ಓಡಾಡ್ತಿದ್ವಾ? ಅವನ್ನೆಲ್ಲ ಬಿಸ್ನೀರ್ಗ್ ಆಕ್ಬುಟ್ನಲ್ಲಾ ನಾನು.”

ತಪ್ಪಾಯಿತು ಎಂದೆ. ಕಾಗದದಲ್ಲಿ ಬರೆದಷ್ಟು ಸುಲಭವಾಗಿ ಅದು ಬಾಯಿಂದ ಬರಲಿಲ್ಲ.

ಇಲಾಖೆಯವರು ಜಿಂಕೆವನದ ಕೆಲಸವನ್ನು ನನ್ನಿಂದ ತೆಗೆದು ಬೇರೆ ವೈದ್ಯರಿಗೆ ವಹಿಸಿದರು. ನನ್ನನ್ನು ಕರೆಸಿ ವಿವರಣೆ ಕೇಳಿದರು, ಕೊಟ್ಟೆ. ಕಾವಲುಗಾರ ಮಾತ್ರ ಅಲ್ಲೇ ಉಳಿದ. ಆ ವರದಿ ಮೇಲಕ್ಕೆ ಹೋದ ಮೇಲೆ ಅವನನ್ನು ಕಳಿಸಲು ಸಮಿತಿಗೆ ಕಾರಣ ಸಿಗಲಿಲ್ಲ.

ಶ್ರಾವಣದ ಒಂದು ಶನಿವಾರ ತೊಣ್ಣೂರಿನಲ್ಲಿ ಒಂದು ಹಸುವಿನ ಹೆರಿಗೆ ಮಾಡಿಸಿ ವಾಪಸು ಬರುತ್ತಿದ್ದೆ. ಜಿಂಕೆವನದ ಮುಂದೆ ಒಂದು ಕಾರು ನಿಂತಿತ್ತು. ಮೊಪೆಡ್ಡು ನಿಧಾನ ಮಾಡಿದೆ. ಬಿಳಿ ಪಂಚೆಯ ಮೇಷ್ಟ್ರು, ಪಕ್ಕದಲ್ಲಿ ಅವರ ಮಗಳು ಅಳಿಯ, ಅಳಿಯನ ಕೈಯಲ್ಲಿ ಬಾಳೆ ಎಲೆ ಮುಚ್ಚಿದ ಪಾತ್ರೆ. ಮುಚ್ಚಿದ ಗೇಟಿಗೆ ಬೆನ್ನು ಕೊಟ್ಟು ಕಾವಲುಗಾರ ನಿಂತಿದ್ದ. ಬೇಲಿಯ ಒಳಗೆ, ಸೀಳುಗಿವಿಯ ಹಿಂದೆ, ಒಂದು ಮರಿ ಕಿವಿ ನೆಟ್ಟಗೆ ಮಾಡಿಕೊಂಡು ಜನರನ್ನು ನೋಡುತ್ತಿತ್ತು.

“ಮೊಮ್ಮಗನ ಹುಟ್ಟಿದಹಬ್ಬ ಕಣಯ್ಯಾ, ಒಂದೇ ಒಂದು ಪಾತ್ರೆ,” ಎನ್ನುತ್ತಿದ್ದರು ಮೇಷ್ಟ್ರು.

“ಒಳಿಕ್ಕೆ ಬುಡಾಕಿಲ್ಲ ಸಾಮಿ. ಡಾಕ್ಟ್ರವ್ವ ಬರ್ದವ್ರೆ. ಬೇಕಾರೆ ಓದ್ಕಳಿ.”

ಅವನು ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಹಾಳೆಯನ್ನು ತೆಗೆದು ಅಳಿಯನ ಮುಖದ ಮುಂದೆ ಹಿಡಿದ. ಅಳಿಯ ಗಟ್ಟಿಯಾಗಿ ಓದತೊಡಗಿದ. “ಕೊಲ್ಲುವ ಔಷಧಿ ಕೊಟ್ಟದ್ದು ನನ್ನ ತಪ್ಪು...”

ಓದು ಬಾರದ ಅವನು ಕವರಿನಲ್ಲಿ ಮೇಲೆ ಕಾಣುವಂತೆ ಇಟ್ಟುಕೊಂಡಿದ್ದದ್ದು ಎರಡನೆಯ ಪುಟವನ್ನು. ಎರಡು ತಿಂಗಳಿನಿಂದ ಅಲ್ಲಿಗೆ ಬಂದ ಪ್ರತಿಯೊಬ್ಬ ಸೇವಾಕರ್ತನಿಗೂ ಅವನು ತೋರಿಸುತ್ತಿದ್ದದ್ದು ಅದನ್ನೇ. ಇಳಿದು ಹೋಗಿ ಪುಟ ತಿರುಗಿಸಿ ಹಾಕೋಣವೆಂದು ಮೊಪೆಡ್ಡಿನ ಸ್ಟ್ಯಾಂಡು ಹಾಕಿದೆ. ಅಷ್ಟರಲ್ಲಿ ಅಳಿಯ ಓದುವುದನ್ನು ನಿಲ್ಲಿಸಿ ಮಾವನ ಮುಖ ನೋಡಿದ. ಮೇಷ್ಟ್ರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಪಾತ್ರೆ ಕಾರಿನೊಳಗೆ ಹೋಯಿತು.

ನಾನು ಸ್ಟ್ಯಾಂಡು ತೆಗೆದು ಪಾಂಡವಪುರದ ಕಡೆ ಹೊರಟೆ.